ಬಿಸಿಲು ಕುಡಿದ ಹಾಲಿನ ಲೆಕ್ಕ



ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಎಷ್ಟು ಲೀಟರ್ ಇಳಿಯಿತು, ಅದರಲ್ಲಿ ಬಿಸಿಲಿನ ಪಾಲು ಎಷ್ಟು, ಅದನ್ನು ತಡೆಯಲು ಎಷ್ಟು ಖರ್ಚು ಮಾಡಿದರೆ ಲಾಭ ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಕೊಟ್ಟಿಗೆಗೆ ಒಂದು ಫ್ಯಾನ್ ಹಾಕಿಸೋಣ ಎಂದು ನೀವು ಹೇಳಿದಾಗ "ದನಕ್ಕೂ ಫ್ಯಾನಾ?" ಎಂದು ಮನೆಯಲ್ಲಿ ಯಾರಾದರೂ ನಕ್ಕರೆ, ಅವರ ಮುಂದೆ ಇಡಲು ನಿಮ್ಮ ಹತ್ತಿರ ಒಂದು ಲೆಕ್ಕ ಇರಬೇಕು. ಈ ಸಂಚಿಕೆಯ ಪಾಠ ಆ ಲೆಕ್ಕವನ್ನು ಹಾಕುವುದು ಹೇಗೆ ಎಂಬುದು.

ಇದೇ ಪ್ರಶ್ನೆಯನ್ನು ಇಡೀ ದೇಶವೂ ಕೇಳಿಕೊಳ್ಳುತ್ತಿದೆ. ಹವಾಮಾನ ಬದಲಾವಣೆಯಿಂದ ದೇಶಕ್ಕೆ ಆಗುವ ನಷ್ಟ ಎಷ್ಟು? ಅದಕ್ಕೆ ಹೊಂದಿಕೊಂಡು ಬದುಕಲು ಮಾಡಬೇಕಾದ ಖರ್ಚು ಎಷ್ಟು? ಮೊದಲನೆಯದು ನಷ್ಟದ ಲೆಕ್ಕ, ಎರಡನೆಯದು ಹೊಂದಾಣಿಕೆಯ ಲೆಕ್ಕ. ಅರ್ಥಶಾಸ್ತ್ರಜ್ಞರು ದೇಶಕ್ಕೆ ಹಾಕುವ ಲೆಕ್ಕವೂ ನೀವು ಕೊಟ್ಟಿಗೆಗೆ ಹಾಕುವ ಲೆಕ್ಕವೂ ಒಂದೇ ದಾರಿಯವು.

ದೇಶದ ಲೆಕ್ಕ ಏನು ಹೇಳುತ್ತದೆ?

ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2000ರ ದಶಕದಲ್ಲಿ ಒಂದು ಅಂದಾಜು ಮಾಡಿದರು. ಬಿಸಿಲಿನ ಒತ್ತಡದಿಂದ ನಮ್ಮ ದೇಶದ ಹಸು ಎಮ್ಮೆಗಳು ವರ್ಷಕ್ಕೆ ಸುಮಾರು 18 ಲಕ್ಷ ಟನ್ ಹಾಲನ್ನು ಕಡಿಮೆ ಕೊಡುತ್ತಿವೆ. ಅದು ದೇಶದ ಒಟ್ಟು ಹಾಲಿನ ಶೇ. 2ರಷ್ಟು, ಅಂದಿನ ಬೆಲೆಯಲ್ಲಿ ಸುಮಾರು 2,661 ಕೋಟಿ ರೂಪಾಯಿ.

ಈ ಮೊತ್ತವನ್ನು ಹಾಲಿನ ಪ್ರಮಾಣದಿಂದ ಭಾಗಿಸಿ ನೋಡಿ. ಕಿಲೋಗೆ 15 ರೂಪಾಯಿಯೂ ಆಗುವುದಿಲ್ಲ. ಅಂದಿನ ಹಾಲಿನ ದರ ಅಷ್ಟಿತ್ತು. ಈಗ ದರವೂ ಏರಿದೆ, ಹಾಲೂ ಹೆಚ್ಚಿದೆ. 2023-24ರಲ್ಲಿ ದೇಶದ ಹಾಲಿನ ಉತ್ಪಾದನೆ 23.9 ಕೋಟಿ ಟನ್. ಇಂದೂ ಅದೇ ಶೇ. 2 ಹೋಗುತ್ತಿದೆ ಎಂದುಕೊಂಡು, ಕಿಲೋಗೆ 35 ರೂಪಾಯಿ ಹಿಡಿದರೆ, ಸುಮಾರು 48 ಲಕ್ಷ ಟನ್ ಹಾಲು, 16,800 ಕೋಟಿ ರೂಪಾಯಿ ಆಗುತ್ತದೆ. ಇದು ಹೊಸ ಸಂಶೋಧನೆಯಲ್ಲ, ಬರೀ ಗುಣಾಕಾರ. ನಷ್ಟದ ಗಾತ್ರ ಕಣ್ಣಿಗೆ ಬರಲಿ ಎಂದು ಹೇಳಿದೆ.

"ನೂರಕ್ಕೆ ಎರಡು ತಾನೇ" ಎಂದು ಸುಮ್ಮನಾಗಬೇಡಿ. ಅದು ಸರಾಸರಿ. ಬಿಸಿಲು ತಡೆಯುವ ನಾಟಿ ಹಸುವೂ, ತಣ್ಣನೆಯ ಬೆಟ್ಟದ ಊರಿನ ಹಸುವೂ ಆ ಸರಾಸರಿಯಲ್ಲಿ ಸೇರಿವೆ. ತಗಡಿನ ಶೀಟಿನ ಕೆಳಗೆ ನಿಂತ ಮಿಶ್ರತಳಿ ಹಸುವಿನ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು. ಕೇಂದ್ರ ಸರ್ಕಾರದ 2017-18ರ ಆರ್ಥಿಕ ಸಮೀಕ್ಷೆಯೂ ಇದನ್ನೇ ತೋರಿಸಿತು: ಹವಾಮಾನ ಬದಲಾವಣೆಯಿಂದ ಕೃಷಿ ಆದಾಯ ಸರಾಸರಿ ಶೇ. 15ರಿಂದ 18ರಷ್ಟು ಕುಸಿಯಬಹುದು, ನೀರಾವರಿ ಇಲ್ಲದ ಕಡೆ ಶೇ. 20ರಿಂದ 25ರಷ್ಟು. ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಆದ್ದರಿಂದಲೇ ನಿಮ್ಮ ಲೆಕ್ಕವನ್ನು ನೀವೇ ಹಾಕಬೇಕು.

ಬಿಸಿಲು ಹಾಲನ್ನು ಇಳಿಸುವುದು ಹೇಗೆ?

ಹಸುವಿನ ಹೊಟ್ಟೆಯೇ ಒಂದು ಒಲೆ. ಮೇವು ಮೆಲುಕು ಹೊಟ್ಟೆಯಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಅದರ ಒಲೆ ಹೆಚ್ಚು ಉರಿಯುತ್ತದೆ. ಹೊರಗೆ ಬಿಸಿ ಏರಿದಾಗ ಆ ಶಾಖವನ್ನು ಹೊರಹಾಕಲಾಗದೆ ಹಸು ಮೇವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಮೇವು ಇಳಿದರೆ ಹಾಲು ಇಳಿಯುತ್ತದೆ. ಒಣಹುಲ್ಲು ಬಿಟ್ಟು ಬರೀ ಹಿಂಡಿ ತಿಂದರೆ ಜಿಡ್ಡಿನ ಅಂಶವೂ ಇಳಿಯುತ್ತದೆ. ಬೆದೆಯ ಲಕ್ಷಣಗಳು ಮಂಕಾಗುತ್ತವೆ. ಬಂದರೂ ರಾತ್ರಿ ಹೊತ್ತು ಬಂದು ಹೋಗುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿಗಳೂ ಕಡಿಮೆ. ನೇರ ಬಿಸಿಲು ಅದಕ್ಕೆ ಇನ್ನೂ ಕಷ್ಟ.

ಬಿಸಿಲಿನ ಒತ್ತಡವನ್ನು ಅಳೆಯಲು ಯಂತ್ರ ಬೇಡ. ಮಧ್ಯಾಹ್ನ ನೆರಳಿನಲ್ಲಿ ನಿಂತ ಹಸುವಿನ ಪಕ್ಕೆ ಒಂದು ನಿಮಿಷದಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ. 60 ದಾಟಿದರೆ ಒತ್ತಡ ಶುರುವಾಗಿದೆ. 80 ದಾಟಿ, ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ತಡಮಾಡದೆ ಮೈಗೆ ನೀರು ಹಾಕಿ, ಗಾಳಿ ಆಡುವ ನೆರಳಿಗೆ ತಂದು, ವೈದ್ಯರನ್ನು ಕರೆಸಿ.

ಮೊದಲ ಲೆಕ್ಕ: ನಷ್ಟ

ಇಲ್ಲೊಂದು ಎಚ್ಚರ ಬೇಕು. ಇಳಿದ ಹಾಲನ್ನೆಲ್ಲ ಬಿಸಿಲಿನ ತಲೆಗೆ ಕಟ್ಟಬಾರದು. ಕರು ಹಾಕಿ ತಿಂಗಳುಗಳು ಕಳೆದಂತೆ ಹಾಲು ತಾನಾಗಿಯೇ ಇಳಿಯುತ್ತದೆ. ಮೇವು ಬದಲಾದರೂ, ಕೆಚ್ಚಲು ಬಾವು ಬಂದರೂ ಇಳಿಯುತ್ತದೆ. "ಬಿಸಿಲು ಇಲ್ಲದಿದ್ದರೆ ಈ ಹಸು ಇವತ್ತು ಎಷ್ಟು ಕೊಡುತ್ತಿತ್ತು?" ಎಂಬುದೇ ಸರಿಯಾದ ಪ್ರಶ್ನೆ. ದೇಶದ ಲೆಕ್ಕ ಹಾಕುವವರಿಗೂ ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ.

ನಿಮಗೆ ಸುಲಭದ ದಾರಿ ಒಂದಿದೆ. ಬಿಸಿಲು ಏರುವ ಮುಂಚಿನ ವಾರದ ಹಾಲು, ಸುಡುಬಿಸಿಲಿನ ವಾರದ ಹಾಲು, ಒಳ್ಳೆಯ ಮಳೆಯಾಗಿ ತಂಪಾದ ಮೇಲಿನ ವಾರದ ಹಾಲು, ಈ ಮೂರನ್ನೂ ಒಂದೇ ಹಸುವಿಗೆ ಬರೆದುಕೊಳ್ಳಿ. ನಡುವೆ ಮೇವು ಬದಲಾಯಿಸದೆ ಇದ್ದು, ತಂಪಾದ ಮೇಲೆ ಮರಳಿ ಬಂದ ಹಾಲು ಎಷ್ಟೋ, ಕನಿಷ್ಠ ಅಷ್ಟು ಬಿಸಿಲು ಕುಡಿದದ್ದು.

ಈಗ ಒಂದು ಮಾದರಿ ಲೆಕ್ಕ. ಎರಡು ಮಿಶ್ರತಳಿ ಹಸುಗಳ ಮನೆ, ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ 75 ದಿನ, ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇಲ್ಲಿನ ಸಂಖ್ಯೆಗಳ ಜಾಗದಲ್ಲಿ ನಿಮ್ಮ ಸಂಖ್ಯೆ ಹಾಕಿಕೊಳ್ಳಿ.

1. ಇಳಿದ ಹಾಲು: ಹಸುವಿಗೆ ದಿನಕ್ಕೆ 1.5 ಲೀಟರ್, 2 ಹಸು, 75 ದಿನ = 225 ಲೀಟರ್. ಬೆಲೆ 7,875 ರೂ. ಹಸು ತಿನ್ನದೆ ಉಳಿದ ಮೇವಿಗೆ 875 ರೂ. ಕಳೆಯಿರಿ. ಉಳಿದದ್ದು 7,000 ರೂ.
2. ಜಿಡ್ಡು ಇಳಿದು ದರ ಕಡಿಮೆಯಾದದ್ದು: ಹಾಕಿದ 1,200 ಲೀಟರಿಗೆ ಲೀಟರಿಗೆ 1 ರೂ.ನಂತೆ 1,200 ರೂ.
3. ಒಂದು ಹಸುವಿನ ಎರಡು ಬೆದೆ ತಪ್ಪಿದ್ದು: 21 ದಿನಕ್ಕೊಂದರಂತೆ 42 ದಿನ ತಡ, ದಿನಕ್ಕೆ 100 ರೂ. = 4,200 ರೂ.
4. ಚಿಕಿತ್ಸೆ: 600 ರೂ.
5. ನಿಮ್ಮ ಶ್ರಮ: ನೀರು ಹೊರಲು, ಮೈ ತೊಳೆಯಲು ದಿನಕ್ಕೆ ಒಂದು ಗಂಟೆ ಹೆಚ್ಚು, 75 ಗಂಟೆ, ಗಂಟೆಗೆ 40 ರೂ. = 3,000 ರೂ.

ಒಟ್ಟು 16,000 ರೂಪಾಯಿ.

ಐದನೆಯ ಸಾಲನ್ನು ಬಿಡಬೇಡಿ. ಯಾರೂ ಕೂಲಿ ಕೊಡದ ಕೆಲಸ ಮನೆಯ ಲೆಕ್ಕದಿಂದಲೂ ದೇಶದ ಲೆಕ್ಕದಿಂದಲೂ ಸುಲಭವಾಗಿ ಜಾರಿಹೋಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಬಿಂದಿಗೆ ಹೊರುವ ಸರದಿ ಹೆಚ್ಚುವುದು ಹೆಂಗಸರಿಗೇ. ಮೂರನೆಯ ಸಾಲೂ ಹಾಗೆಯೇ. ಸಂಘದ ಪಾಸ್‌ಬುಕ್ಕಿನಲ್ಲಿ ಅದು ಎಲ್ಲಿಯೂ ಕಾಣಿಸುವುದಿಲ್ಲ, ಮುಂದಿನ ವರ್ಷ ಕರು ತಡವಾದಾಗ ತಿಳಿಯುತ್ತದೆ.

ಎರಡನೆಯ ಲೆಕ್ಕ: ಹೊಂದಾಣಿಕೆಯ ಖರ್ಚು

ಬಾಳಿಕೆ ಬರುವ ಸಾಮಾನಿನ ಪೂರ್ತಿ ಬೆಲೆಯನ್ನು ಒಂದೇ ವರ್ಷಕ್ಕೆ ಹಾಕಬಾರದು, ಎಷ್ಟು ವರ್ಷ ಬರುತ್ತದೋ ಅಷ್ಟಕ್ಕೆ ಹಂಚಬೇಕು. ಈ ಬೆಲೆಗಳೂ ಮಾದರಿಗೆ ಇಟ್ಟುಕೊಂಡವು.

* ಮೇವಿನ ಹೊತ್ತು ಬದಲಾವಣೆ: ಹೆಚ್ಚಿನ ಪಾಲು ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ತಂಪು ಹೊತ್ತಿನಲ್ಲಿ ಕೊಡುವುದು. ಖರ್ಚು ಇಲ್ಲ.
* ಹಗಲು ರಾತ್ರಿ ನೀರು ಇರುವ ತೊಟ್ಟಿ: 2,000 ರೂ., 10 ವರ್ಷ ಬಾಳಿಕೆ, ವರ್ಷಕ್ಕೆ 200 ರೂ. ನಲ್ಲಿಯಿಂದ ತೊಟ್ಟಿಗೆ ಪೈಪು: 1,000 ರೂ., 5 ವರ್ಷ, ವರ್ಷಕ್ಕೆ 200 ರೂ. ಹಾಲಿನಲ್ಲಿ ಶೇ. 87ರಷ್ಟು ನೀರೇ. ಬೇಸಿಗೆಯಲ್ಲಿ ಕರೆಯುವ ಹಸು ದಿನಕ್ಕೆ 80ರಿಂದ 100 ಲೀಟರ್ ಕುಡಿಯಬಲ್ಲದು. ಎರಡು ಹೊತ್ತು ಬಕೆಟ್‌ನಲ್ಲಿ ಕೊಟ್ಟರೆ ಸಾಲದು.
* ಶೀಟಿನ ಮೇಲೆ ತೆಂಗಿನ ಗರಿ ಹೊದಿಕೆ ಅಥವಾ ಬಿಳಿ ಸುಣ್ಣ: ವರ್ಷಕ್ಕೆ 1,500 ರೂ. ಗರಿ ಸ್ವಂತ ತೋಟದ್ದಾದರೂ ಕೂಲಿ ಲೆಕ್ಕಕ್ಕೆ ಬರಲಿ.
* ಒಂದು ಫ್ಯಾನ್: 3,000 ರೂ., 5 ವರ್ಷ, ವರ್ಷಕ್ಕೆ 600 ರೂ. 75 ವ್ಯಾಟ್, ದಿನಕ್ಕೆ 8 ಗಂಟೆ, 75 ದಿನಕ್ಕೆ 45 ಯೂನಿಟ್. ವಿದ್ಯುತ್ತಿಗೆ ಸುಮಾರು 300 ರೂ. ಫ್ಯಾನ್ ರಾಸಿನ ಬಾಯಿಗೆ, ಕೊಂಬಿಗೆ ಎಟುಕದಂತಿರಲಿ, ವೈರು ಪೈಪಿನೊಳಗೆ ಹೋಗಲಿ, ಅರ್ಥಿಂಗ್ ಇರಲಿ, ಗರಿಯಿಂದ ದೂರವಿರಲಿ.

ಒಟ್ಟು ವರ್ಷಕ್ಕೆ 2,800 ರೂಪಾಯಿ.

ಇಷ್ಟು ಮಾಡಿದರೆ ನಷ್ಟ ಅರ್ಧಕ್ಕೆ ಇಳಿಯಿತು ಎಂದುಕೊಳ್ಳೋಣ. 16,000ದಲ್ಲಿ 8,000 ಉಳಿಯಿತು. ಅದಕ್ಕೆ ಖರ್ಚಾದದ್ದು 2,800. ಕೈಗೆ ಹತ್ತಿದ್ದು 5,200 ರೂಪಾಯಿ. ನಷ್ಟ ಅರ್ಧ ಇಳಿಯುತ್ತದೋ, ಕಾಲು ಭಾಗ ಇಳಿಯುತ್ತದೋ ಎಂಬುದನ್ನು ನಿಮ್ಮ ಪುಸ್ತಕವೇ ಮುಂದಿನ ಬೇಸಿಗೆಯಲ್ಲಿ ಹೇಳುತ್ತದೆ. ಕಾಲು ಭಾಗ, ಅಂದರೆ 4,000 ಇಳಿದರೂ ಖರ್ಚು ಕಳೆದು 1,200 ಮಿಗುತ್ತದೆ.

ಎಲ್ಲ ಖರ್ಚೂ ಹೀಗೆ ಗಿಟ್ಟುವುದಿಲ್ಲ. ಮಂಜಿನಂತೆ ನೀರು ಚಿಮ್ಮುವ ಯಂತ್ರಕ್ಕೆ 15,000 ರೂ. ಎಂದರೆ ವರ್ಷಕ್ಕೆ 3,000. ಜೊತೆಗೆ ನೀರು, ವಿದ್ಯುತ್ತು. ಹತ್ತು ಹಸುಗಳಿಗೆ ಅದು ಸರಿ, ಎರಡಕ್ಕೆ ಸಾಲದ ಹೊರೆಯಾದೀತು. ಕೋಲಾರ, ತುಮಕೂರಿನಂಥ ಒಣ ಸೆಕೆಗೆ ಅದು ಒಗ್ಗುತ್ತದೆ. ಕರಾವಳಿಯ ತೇವದ ಸೆಕೆಯಲ್ಲಿ ಗಾಳಿ ಆಡದೆ ಬರೀ ನೀರು ಚಿಮ್ಮಿದರೆ ತೊಂದರೆಯೇ ಹೆಚ್ಚು. ಮೊದಲು ಕಾಸಿಲ್ಲದ್ದು, ಆಮೇಲೆ ಅಗ್ಗದ್ದು, ಕೊನೆಗೆ ದುಬಾರಿಯದು ಎಂಬುದೇ ಕ್ರಮ. ಕೊಟ್ಟಿಗೆಯ ಪಶ್ಚಿಮಕ್ಕೆ ಈ ಮಳೆಗಾಲದಲ್ಲಿ ಒಂದು ಹೊಂಗೆ, ಒಂದು ಬೇವಿನ ಸಸಿ ನೆಟ್ಟುಬಿಡಿ. ನೆರಳಿಗೆ ಕೆಲವು ವರ್ಷ ಬೇಕು, ಆದರೆ ನೆಡುವ ಖರ್ಚು ಇಂದಿಗೂ ಅತಿ ಕಡಿಮೆ.

ಉಳಿದ ನಷ್ಟವನ್ನು ಮರೆಯಬೇಡಿ

ಫ್ಯಾನ್, ತೊಟ್ಟಿ, ಹೊದಿಕೆ ಎಲ್ಲ ಆದ ಮೇಲೂ ಮಾದರಿ ಮನೆಗೆ 8,000 ರೂ. ನಷ್ಟ ಇದ್ದೇ ಇದೆ. ಇದು ಉಳಿಕೆ ನಷ್ಟ. ಹಾಗಾದರೆ ಬಿಸಿಲು ಆ ಮನೆಯ ಮೇಲೆ ಹೊರಿಸಿದ ಒಟ್ಟು ಭಾರ ಎಷ್ಟು? ಖರ್ಚು 2,800 ಮತ್ತು ಉಳಿಕೆ 8,000, ಸೇರಿ 10,800 ರೂಪಾಯಿ. ಏನೂ ಮಾಡದಿದ್ದರೆ 16,000. ಹೊಂದಾಣಿಕೆ ಭಾರವನ್ನು ಇಳಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ.

ದೇಶಕ್ಕೂ ಇದೇ ಮಾತು. 2024-25ರ ಆರ್ಥಿಕ ಸಮೀಕ್ಷೆಯ ಪ್ರಕಾರ ಹೊಂದಾಣಿಕೆಗೆ ಸಂಬಂಧಿಸಿದ ನಮ್ಮ ದೇಶದ ಖರ್ಚು 2015-16ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 3.7 ಇದ್ದದ್ದು 2021-22ಕ್ಕೆ ಶೇ. 5.6ಕ್ಕೆ ಏರಿದೆ. ದೇಶದ ಉತ್ಪನ್ನ 100 ರೂಪಾಯಿ ಎಂದರೆ ಅದರಲ್ಲಿ 5 ರೂಪಾಯಿ 60 ಪೈಸೆಯಷ್ಟು. ಅಷ್ಟು ಖರ್ಚಾದ ಮೇಲೂ ಉಳಿಯುವ ನಷ್ಟವನ್ನು ರೈತರೇ ಹೊರುತ್ತಿದ್ದಾರೆ.

ಒಬ್ಬರಿಂದ ಆಗದ ಖರ್ಚು

2023ರ ಬರ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲಿ ಕೊಟ್ಟಿಗೆಯ ಫ್ಯಾನ್ ಮೇವು ತರುವುದಿಲ್ಲ. ಮೇವು ಹೇರಳವಾಗಿದ್ದಾಗ ಜೋಳದ ರಸಮೇವು ಮಾಡಿ ಇಡುವುದು, ಊರಿಗೊಂದು ಮೇವಿನ ದಾಸ್ತಾನು, ಮಧ್ಯಾಹ್ನ ತಪ್ಪದ ವಿದ್ಯುತ್ತು, ರಾಸು ವಿಮೆ, ಬಿಸಿಲು ತಡೆಯುವ ತಳಿಯ ಆಯ್ಕೆ, ಇವೆಲ್ಲ ಸಂಘ, ಒಕ್ಕೂಟ, ಸರ್ಕಾರ ಸೇರಿ ಮಾಡುವ ಕೆಲಸ. ಇವನ್ನು ಕೇಳಲು ಅಂಕಿ ಅಂಶ ಬೇಕು. "ಬೇಸಿಗೆಯಲ್ಲಿ ತುಂಬಾ ಕಷ್ಟ" ಎಂದರೆ ಕೇಳಿದವರು ತಲೆಯಾಡಿಸಿ ಹೋಗುತ್ತಾರೆ. "ನಮ್ಮ ಸಂಘದ 60 ಸದಸ್ಯೆಯರು ಬರೆದಿಟ್ಟ ಲೆಕ್ಕದಲ್ಲಿ ಈ ಬೇಸಿಗೆಗೆ ಇಷ್ಟು ಲೀಟರ್ ಹೋಗಿದೆ" ಎಂದು ಸರ್ವಸದಸ್ಯರ ಸಭೆಯಲ್ಲಿ ಹೇಳಿದರೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ.

ಈ ಬಾರಿಯ ಅಭ್ಯಾಸ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹಸುವಿಗೂ ಒಂದು ಪುಟ ಬಿಟ್ಟು ಆರು ಕಲಂ ಹಾಕಿ: ದಿನಾಂಕ, ಬೆಳಗಿನ ಹಾಲು, ಸಂಜೆಯ ಹಾಲು, ಜಿಡ್ಡು, ಮಧ್ಯಾಹ್ನದ ಉಸಿರಿನ ಎಣಿಕೆ, ಬೆದೆ ಅಥವಾ ಗರ್ಭಧಾರಣೆ. ವಾರಕ್ಕೆ ಎರಡು ದಿನ ಬರೆದರೂ ಸಾಕು. ಹಾಲಿನ ಚೀಟಿಯನ್ನು ಬಿಸಾಡದೆ ಅದೇ ಪುಟಕ್ಕೆ ಅಂಟಿಸಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದಲೋ ಮಗನಿಂದಲೋ ಬರೆಸಿ.

ಮಳೆ ಬಿದ್ದು ಎರಡು ವಾರವಾದ ಮೇಲೆ ಮೇಲಿನ ಐದು ಸಾಲಿನ ಲೆಕ್ಕ ಹಾಕಿ, ನಿಮ್ಮ ಸಂಘದ ಕಾರ್ಯದರ್ಶಿಗೆ ಒಂದು ಪ್ರತಿ ಕೊಡಿ. ಶಿಬಿರಕ್ಕೆ ನಾನು ಬಂದಾಗ ಆ ಪುಸ್ತಕವನ್ನೂ ತನ್ನಿ. ಹಸುವಿನ ಪರೀಕ್ಷೆಯ ಜೊತೆಗೆ ಲೆಕ್ಕವನ್ನೂ ಕುಳಿತು ನೋಡೋಣ. ಫ್ಯಾನ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿ.