ದೊಡ್ಡ ಡೇರೆಗೆ ಸಣ್ಣ ದೀಪಗಳು

ಬಸವಕಲ್ಯಾಣ, ಹುಮನಾಬಾದ್ ಸೀಮೆಯವರಿಗೆ ಡೇರೆಯಲ್ಲಿ ರಾತ್ರಿ ಕಳೆಯುವುದು ಹೊಸದೇನಲ್ಲ. ಮಾರ್ಗಶಿರದಲ್ಲಿ ಮಾಣಿಕನಗರದ ದತ್ತ ಜಯಂತಿ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ವೈಶಾಖದಲ್ಲಿ ಬಸವ ಜಯಂತಿ, ನಡುನಡುವೆ ಕಲ್ಯಾಣದ ಶರಣ ಸಮಾವೇಶಗಳು, ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳು. ಊರಿಂದ ಗುಂಪು ಕಟ್ಟಿಕೊಂಡು ಬಂದವರಿಗೆ ಇರುವ ಕೋಣೆಗಳು ಸಾಲದಿದ್ದಾಗ ದೊಡ್ಡ ಡೇರೆಯೇ ಮನೆ. ನೀರು, ಊಟ, ಶೌಚಾಲಯದ ಬಗ್ಗೆ ಎಲ್ಲರೂ ಮೊದಲೇ ಯೋಚಿಸುತ್ತಾರೆ. ಬೆಳಕಿನ ವಿಷಯ ಬಂದರೆ ಮಾತ್ರ ಮಧ್ಯದ ಕಂಬಕ್ಕೆ ಒಂದು ದೊಡ್ಡ ಫೋಕಸ್ ಲೈಟ್ ಕಟ್ಟಿಬಿಡಿ ಎಂದು ಕೈತೊಳೆದುಕೊಳ್ಳುತ್ತಾರೆ. ಇಂಥ ಡೇರೆಗಳ ವ್ಯವಸ್ಥೆ ನೋಡಿಕೊಳ್ಳುತ್ತ ನಾನು ಕಲಿತದ್ದು ಬೇರೆ. ಎಷ್ಟು ವ್ಯಾಟ್ ಎಂದು ಕೇಳುವ ಮೊದಲು ದೀಪ ಎಲ್ಲಿರಬೇಕು, ಎಷ್ಟು ಎತ್ತರದಲ್ಲಿರಬೇಕು, ಯಾವ ಬಣ್ಣದ್ದಾಗಿರಬೇಕು, ಯಾವುದನ್ನು ಎಷ್ಟು ಹೊತ್ತಿಗೆ ಆರಿಸಬೇಕು ಎಂದು ಕೇಳಬೇಕು. ಹಾಗೆ ಕೇಳುತ್ತ ಹೋದರೆ ಒಂದು ದೊಡ್ಡ ದೀಪದ ಜಾಗದಲ್ಲಿ ಐದಾರು ಸಣ್ಣ ದೀಪಗಳು ಬರುತ್ತವೆ. ಮಲಗುವ ಡೇರೆಗೆ ಅವೇ ಸರಿ.

ಲೆಕ್ಕದಿಂದಲೇ ಶುರು ಮಾಡೋಣ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಡೇರೆ ಎಂದರೆ ಸುಮಾರು 42 ಚದರ ಮೀಟರ್. ಕೂತು ಉಣ್ಣಲು, ಸಾಮಾನು ಹುಡುಕಲು ನೆಲದ ಮೇಲೆ 50 ಲಕ್ಸ್ ಬೆಳಕಿದ್ದರೆ ಸಾಕು. ಅಂದರೆ ನೆಲ ಮುಟ್ಟಬೇಕಾದದ್ದು 2,100 ಲ್ಯೂಮೆನ್. ಒಳ್ಳೆಯ ಎಲ್‌ಇಡಿ ಬಲ್ಬು ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. ಬಟ್ಟೆ ಹೀರುವ, ಸಂದಿಯಲ್ಲಿ ಸೋರುವ ಪಾಲನ್ನು ಕಳೆದರೂ ಐದು ವ್ಯಾಟಿನ ಆರು ಬಲ್ಬುಗಳಿಂದ, ಒಟ್ಟು 30 ವ್ಯಾಟಿನಲ್ಲಿ ಕೆಲಸ ಆಗುತ್ತದೆ. ಇದಕ್ಕಿಂತ ಹೆಚ್ಚಿನ ಫೋಕಸ್ ಒಂದೇ ಕಡೆ ಕಟ್ಟಿದರೂ ಫಲ ಸಿಗುವುದಿಲ್ಲ. ಯಾಕೆಂದರೆ ದೂರ ನಾಲ್ಕು ಪಟ್ಟಾದರೆ ದೀಪದಿಂದ ನೇರವಾಗಿ ಬರುವ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಕಂಬದ ಬುಡದಲ್ಲಿ ಮಲಗಿದವರು ಕಣ್ಣಿಗೆ ಟವೆಲು ಕಟ್ಟಿಕೊಳ್ಳಬೇಕು, ಮೂಲೆಯಲ್ಲಿರುವವರು ಮೊಬೈಲಿನ ಟಾರ್ಚ್ ಹಚ್ಚಬೇಕು. ಬಟ್ಟೆಯ ಬಣ್ಣವೂ ಈ ಲೆಕ್ಕಕ್ಕೆ ಸೇರುತ್ತದೆ. ಶಾಮಿಯಾನದ ಕಡು ಕೆಂಪು, ನೀಲಿ ಪಟ್ಟೆಗಳು ಬೆಳಕನ್ನು ನುಂಗುತ್ತವೆ. ಮೇಲ್ಗಡೆ ಒಳಬದಿಗೆ ಬಿಳಿ ಬಟ್ಟೆ ಬಿಗಿದು, ಒಂದೆರಡು ಬಲ್ಬುಗಳನ್ನು ಅದರತ್ತ ತಿರುಗಿಸಿದರೆ ಬೆಳಕು ಅಲ್ಲಿಂದ ಪುಟಿದು ಮೆತ್ತಗೆ ಹರಡುತ್ತದೆ. ಹೆಚ್ಚು ವ್ಯಾಟಿಗೆ ಸುರಿಯುವ ದುಡ್ಡಿಗಿಂತ ಈ ಬಿಳಿ ಬಟ್ಟೆಯ ಬಾಡಿಗೆ ಸಾರ್ಥಕ.

ಸಣ್ಣ ದೀಪದಿಂದ ಕಳ್ಳಕಾಕರ ಭಯ, ಹಾವು ಚೇಳಿನ ಭಯ ಹೋಗುವುದಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಭಯ ಸುಳ್ಳಲ್ಲ. ಹೊಲದ ಬದಿ, ಕಬ್ಬಿನ ಗದ್ದೆಯ ಪಕ್ಕ ಡೇರೆ ಹಾಕಿದವರು ನೆಲ ನೋಡಿಯೇ ಕಾಲಿಡಬೇಕು. ಆದರೆ ಪ್ರಖರ ದೀಪ ಆ ನೆಲವನ್ನೇ ಮರೆಮಾಡುತ್ತದೆ. ಫೋಕಸ್ ನೋಡಿದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಮೂತ್ರಕ್ಕೆಂದು ಎದ್ದವರು ಹೊರಗೆ ಹೋಗಿ ಬಂದಿರುತ್ತಾರೆ, ಏನನ್ನೂ ಸರಿಯಾಗಿ ಕಂಡಿರುವುದಿಲ್ಲ. ಡೇರೆಯ ಬಾಗಿಲಲ್ಲಿ ಮೊಣಕಾಲೆತ್ತರಕ್ಕೆ ಒಂದು ವ್ಯಾಟಿನ ದೀಪ ಕಟ್ಟಿ, ಅದರ ಮೇಲ್ಭಾಗಕ್ಕೆ ತಗಡಿನ ಮರೆ ಇಟ್ಟರೆ ಬೆಳಕು ನೆಲಕ್ಕಷ್ಟೇ ಬೀಳುತ್ತದೆ. ಚಪ್ಪಲಿ ಕಾಣುತ್ತದೆ, ಗೂಟಕ್ಕೆ ಕಟ್ಟಿದ ಹಗ್ಗ ಕಾಣುತ್ತದೆ, ಹರಿದು ಬರುವ ಚೇಳೂ ಕಾಣುತ್ತದೆ. ಶೌಚಾಲಯದ ದಾರಿಗೆ ಅಂಥವೇ ಇನ್ನೆರಡು ಸಾಕು. ಉಳಿದದ್ದಕ್ಕೆ ಕೈಯಲ್ಲೊಂದು ಟಾರ್ಚ್ ಇರಲಿ. ಕಳ್ಳನ ವಿಷಯಕ್ಕೆ ಬಂದರೆ, ಚೀಲಗಳನ್ನು ಒಂದೇ ಕಡೆ ಒಟ್ಟಿ ಅಲ್ಲಿಗೆ ಬೇರೆ ದೀಪ ಕೊಡುವುದು ಜಾಣತನ. ಕಣ್ಣು ಕೋರೈಸುವ ದೀಪದ ಹಿಂದಿನ ಕತ್ತಲೆಯಲ್ಲಿ ನಿಂತವನು ಒಳಗಿನವರಿಗೆ ಕಾಣುವುದೇ ಇಲ್ಲ.

ದೀಪದ ವ್ಯವಸ್ಥೆಗೆ ಪಂಚಾಂಗವನ್ನೂ ನೋಡಬೇಕೆಂಬುದು ನನ್ನ ಅನುಭವ. ದತ್ತ ಜಯಂತಿ ಬರುವುದು ಮಾರ್ಗಶಿರ ಹುಣ್ಣಿಮೆಗೆ. 1817ರಲ್ಲಿ ಅದೇ ದತ್ತ ಜಯಂತಿಯಂದು ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕ ಪ್ರಭುಗಳ ಸನ್ನಿಧಿಗೆ ಜನ ಸೇರುವ ಆ ರಾತ್ರಿ ಇಡೀ ಹೊತ್ತು ಬೆಳದಿಂಗಳಿರುತ್ತದೆ. ಹುಣ್ಣಿಮೆಯ ಬೆಳಕು 0.1ರಿಂದ 0.3 ಲಕ್ಸಿನಷ್ಟೇ. ಆದರೂ ಬೇರೆ ದೀಪ ಕಣ್ಣಿಗೆ ಹೊಡೆಯದಿದ್ದರೆ ಬಯಲಲ್ಲಿ ನಡೆಯಲು ಅಷ್ಟು ಸಾಲುತ್ತದೆ. ಬಸವ ಜಯಂತಿ ಅಕ್ಷಯ ತೃತೀಯದಂದು. ತದಿಗೆಯ ಚಂದ್ರ ರಾತ್ರಿ ಹತ್ತರೊಳಗೆ ಮುಳುಗುತ್ತಾನೆ, ಆಮೇಲೆಲ್ಲ ಕತ್ತಲೆ. ಹೀಗಾಗಿ ಮಾಣಿಕನಗರದಲ್ಲಿ ಹೊರಗಡೆ ದೀಪ ಕಡಿಮೆ ಮಾಡಬಹುದು, ಕಲ್ಯಾಣದಲ್ಲಿ ದಾರಿದೀಪ ಹೆಚ್ಚಿಸಬೇಕು. ಸೆಕೆಯಿಂದ ಡೇರೆಯ ಪಕ್ಕದ ಬಟ್ಟೆ ಎತ್ತಿ ಕಟ್ಟುವ ಕಾಲವೂ ಅದೇ ಆದ್ದರಿಂದ, ತ್ರಿಪುರಾಂತ ಕೆರೆಯಂಥ ನೀರಿನ ಬಳಿ ಇಳಿದುಕೊಂಡವರಿಗೆ ಹುಳುಗಳ ಕಾಟ ಬೇರೆ. ಕೀಟಗಳ ಕಣ್ಣಿಗೆ ಅತಿನೇರಳೆ, ನೀಲಿ, ಹಸಿರು ಬೆಳಕು ಚೆನ್ನಾಗಿ ನಾಟುತ್ತದೆ. ಹಾರುವಾಗ ಅವು ಬೆಳಕಿರುವ ಕಡೆಗೆ ಬೆನ್ನು ತಿರುಗಿಸಿಕೊಳ್ಳುತ್ತವೆ, ಅದರಿಂದಲೇ ದಿಕ್ಕು ತಪ್ಪಿ ದೀಪದ ಸುತ್ತ ಗಿರಕಿ ಹೊಡೆಯುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 6500 ಕೆಲ್ವಿನ್ನಿನ ನೀಲಿಬಿಳುಪು ಬಲ್ಬಿನ ಬದಲು 2700 ಕೆಲ್ವಿನ್ನಿನ ಹಳದಿ ಬಲ್ಬು ಹಾಕಿದರೆ ಹುಳು ಕಡಿಮೆ ಬರುತ್ತವೆ. ನೀಲಿ ಬೆಳಕು ನಿದ್ದೆಯನ್ನು ದೂರ ತಳ್ಳುವುದರಿಂದ ಮಲಗುವವರಿಗೂ ಹಳದಿಯೇ ಹಿತ. ಡೇರೆ ಮಲಗಲೆಂದೇ ಹಾಕಿದ್ದು ಎಂಬುದನ್ನು ಮರೆಯಬಾರದು.

ಹೆಣ್ಣುಮಕ್ಕಳು ಇಳಿದುಕೊಳ್ಳುವ ಡೇರೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವ್ಯವಸ್ಥೆ ಮಾಡುವ ಗಂಡಸರಿಗೆ ಇದು ಹೊಳೆಯುವುದೇ ಕಡಿಮೆ. ಒಳಗೆ ಒಂದೇ ಪ್ರಖರ ದೀಪವಿದ್ದು ಹೊರಗೆ ಕತ್ತಲೆಯಿದ್ದರೆ ತೆಳು ಬಟ್ಟೆ ಪರದೆಯಾಗುತ್ತದೆ. ದೀಪಕ್ಕೂ ಬಟ್ಟೆಗೂ ನಡುವೆ ನಿಂತು ಸೀರೆ ಬದಲಿಸುವವರ ನೆರಳು ಅಂಚು ಸಮೇತ ಹೊರಗಿನವರಿಗೆ ಕಾಣುತ್ತದೆ. ಬಟ್ಟೆ ಬದಲಿಸುವ ಮೂಲೆಗೆ ಎರಡು ಪದರದ ದಪ್ಪ ಬಟ್ಟೆ ಕಟ್ಟಿ, ತಲೆಯ ನೇರಕ್ಕೆ ಮೇಲೆ ಒಂದು ಸಣ್ಣ ಬಲ್ಬನ್ನು ಕೆಳಮುಖವಾಗಿ ಇಳಿಬಿಡಬೇಕು. ಆಗ ನೆರಳು ಕಾಲ ಬುಡದಲ್ಲೇ ಬೀಳುತ್ತದೆ. ಉಳಿದ ಕಡೆ ಹಲವು ದಿಕ್ಕಿನಿಂದ ಬೆಳಕು ಬರುವುದರಿಂದ ಯಾವ ನೆರಳೂ ಗಟ್ಟಿಯಾಗಿ ಮೂಡುವುದಿಲ್ಲ. ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಇದೊಂದಕ್ಕಾಗಿಯೇ ನಾನು ಮಧ್ಯದ ಫೋಕಸನ್ನು ಬೇಡವೆನ್ನುತ್ತೇನೆ. ಹನ್ನೆರಡನೆಯ ಶತಮಾನದಲ್ಲೇ ಹೆಣ್ಣಿಗೆ ಅನುಭವ ಮಂಟಪದಲ್ಲಿ ಸರಿಸಮನಾದ ಜಾಗ ಕೊಟ್ಟ ಊರಿಗೆ ಬಂದ ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಅಂಜುವಂತಾಗಬಾರದು.

ವಯಸ್ಸಾದವರಿಗೆ ಮಂದ ಬೆಳಕು ಸಾಲದು ಎಂಬ ಆಕ್ಷೇಪ ಎಲ್ಲಕ್ಕಿಂತ ತೂಕದ್ದು, ಅದನ್ನು ಒಪ್ಪುತ್ತೇನೆ. ಅರವತ್ತು ದಾಟಿದವರ ಕಣ್ಣಿನೊಳಗೆ ಇಪ್ಪತ್ತರ ಹರೆಯದವರಿಗಿಂತ ಬಹಳ ಕಡಿಮೆ, ಸುಮಾರು ಮೂರನೇ ಒಂದು ಪಾಲು ಬೆಳಕಷ್ಟೇ ಇಳಿಯುತ್ತದೆ. ಜಾತ್ರೆಗೆ ಬರುವವರಲ್ಲಿ ಹಿರಿಯರೇನೂ ಕಡಿಮೆಯಿರುವುದಿಲ್ಲ. ಆದರೆ ಪೊರೆ ಬಂದ ಕಣ್ಣಿಗೆ ಎದುರಿನಿಂದ ಹೊಡೆಯುವ ಪ್ರಖರ ಬೆಳಕು ಎಲ್ಲವನ್ನೂ ಮಂಜು ಮಾಡುತ್ತದೆ. ಅವರಿಗೆ ಬೇಕಾದದ್ದು ಹತ್ತಿರದ ಬೆಳಕು. ಮಾತ್ರೆ ತೆಗೆದುಕೊಳ್ಳುವಾಗ, ಔಷಧಿ ಚೀಟಿ ಓದುವಾಗ ಎರಡಡಿ ದೂರದಲ್ಲಿ ಸ್ವಿಚ್ಚಿರುವ ಒಂದು ದೀಪ. ಅಂಥವರನ್ನು ಬಾಗಿಲ ಬಳಿ ಮಲಗಿಸಿ, ಆ ದೀಪವನ್ನು ಅವರ ಕೈಗೆ ಎಟುಕುವಂತೆ ಕಟ್ಟಿದರೆ ಅವರಿಗೂ ಅನುಕೂಲ, ಉಳಿದವರ ನಿದ್ದೆಯೂ ಕೆಡುವುದಿಲ್ಲ.

ಕಂದೀಲು, ಗ್ಯಾಸ್‌ಬತ್ತಿಗಳ ಪರವಾಗಿ ಮಾತಾಡುವವರೂ ಇದ್ದಾರೆ. ಚಳಿಗಾಲದಲ್ಲಿ ಬೀದರ್ ಪ್ರಸ್ಥಭೂಮಿಯ ಥಂಡಿ ಎಲುಬಿಗೆ ಇಳಿಯುತ್ತದೆ, ಗ್ಯಾಸ್‌ಬತ್ತಿ ಬೆಳಕಿನ ಜೊತೆ ಬಿಸಿಯನ್ನೂ ಕೊಡುತ್ತದೆ ಎಂಬುದು ಅವರ ವಾದ. ಆ ಬಿಸಿಯಲ್ಲೇ ಅಪಾಯವಿದೆ. ಬಟ್ಟೆಯ ಗೋಡೆ, ನೆಲಕ್ಕೆ ಹಾಸಿದ ಹುಲ್ಲು, ಗಾಳಿಗೆ ಓಲಾಡುವ ಹಗ್ಗ ಇವುಗಳ ನಡುವೆ ಉರಿಯುವ ಸೀಮೆಎಣ್ಣೆಗೆ ಜಾಗವಿಲ್ಲ. ಚಳಿಗೆಂದು ಸುತ್ತಲೂ ತಾಡಪತ್ರಿ ಬಿಗಿದಾಗ ಹೊಗೆಯೊಡನೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಕೈಯಿಂದ ಮುಟ್ಟಲಾಗದಷ್ಟು ಕಾಯುವ ಹ್ಯಾಲೊಜನ್ ದೀಪವನ್ನೂ ಬಟ್ಟೆಯ ಹತ್ತಿರ ಸೇರಿಸಬಾರದು. ಚಳಿಗೆ ಕಂಬಳಿ ಇರಲಿ, ಬೆಳಕಿಗೆ ಎಲ್‌ಇಡಿ ಇರಲಿ. ಎರಡೂ ಕೆಲಸವನ್ನು ಒಂದೇ ಬೆಂಕಿಗೆ ಒಪ್ಪಿಸುವುದು ಬೇಡ.

ಆರು ದೀಪಕ್ಕೆ ವೈರು, ಕೆಲಸ, ಖರ್ಚು ಹೆಚ್ಚಲ್ಲವೇ? ಹೆಚ್ಚೇ, ಆದರೆ ಸ್ವಲ್ಪ ಮಾತ್ರ. ಪ್ರತಿಯಾಗಿ, ಫೋಕಸ್ ಕೆಟ್ಟರೆ ಡೇರೆಯೆಲ್ಲ ಕತ್ತಲೆ. ಆರರಲ್ಲಿ ಒಂದು ಕೆಟ್ಟರೆ ಐದು ಉಳಿಯುತ್ತವೆ. 12 ವೋಲ್ಟಿನ ಡಿಸಿ ಬಲ್ಬುಗಳಾದರೆ ರಾತ್ರಿಯಿಡೀ ಜನರೇಟರಿನ ಗದ್ದಲವೂ ಬೇಡ. 30 ವ್ಯಾಟ್ ನಾಲ್ಕು ಗಂಟೆ ಉರಿದರೆ 120 ವ್ಯಾಟ್‌-ಅವರ್, ಬಾಗಿಲ ದೀಪ ರಾತ್ರಿಪೂರ್ತಿ ಉರಿದರೆ ಇನ್ನು ಹತ್ತು. 26 ಆಂಪಿಯರ್‌-ಅವರಿನ ಬ್ಯಾಟರಿಯಲ್ಲಿ ಸುಮಾರು 312 ಇರುತ್ತದೆ, ಅರ್ಧದಷ್ಟನ್ನೇ ಬಳಸಿದರೂ ರಾತ್ರಿ ಕಳೆಯುತ್ತದೆ. 230 ವೋಲ್ಟೇ ಬೇಕೆಂದರೆ 30 ಮಿಲಿಆಂಪಿಯರಿನ ಇಎಲ್‌ಸಿಬಿ ಹಾಕಿಸಬೇಕು. ವೈರನ್ನು ಒದ್ದೆ ನೆಲದ ಮೇಲೆ ಬಿಡದೆ ತಲೆಗಿಂತ ಮೇಲೆ ಒಯ್ಯಬೇಕು, ಬಟ್ಟೆಯ ಟೇಪು ಸುತ್ತಿದ ಜೋಡಣೆಗಳನ್ನು ಒಪ್ಪಬಾರದು.

ವೇದಿಕೆಗೆ, ರಥಬೀದಿಗೆ ಝಗಮಗಿಸುವ ಬೆಳಕಿರಲಿ. ಹಬ್ಬಕ್ಕೆ ಅದೇ ಕಳೆ. ಅದೇ ಅಳತೆಗೋಲನ್ನು ಮಲಗುವ ಡೇರೆಗೆ ತಂದರೆ ದಣಿದು ಬಂದವರಿಗೆ ನಾವು ನಿದ್ದೆ ಕೊಡದೆ ಕಳಿಸಿದಂತೆ. ಅದಕ್ಕೇ ಶಾಮಿಯಾನದವರಿಗೆ ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಡೇರೆಯ ನಕ್ಷೆ ಬರೆಯಿರಿ. ಬಾಗಿಲು, ದಾರಿ, ಚೀಲದ ಜಾಗ, ಹಿರಿಯರ ಮಗ್ಗುಲು, ಬಟ್ಟೆ ಬದಲಿಸುವ ಮೂಲೆ ಇಷ್ಟಕ್ಕೂ ಒಂದೊಂದು ದೀಪ, ಪ್ರತಿ ದೀಪಕ್ಕೂ ಅದರದೇ ಸ್ವಿಚ್ಚು ಗುರುತಿಸಿ. ರಾತ್ರಿ ಹತ್ತಕ್ಕೆ ಯಾವುದು ಆರಬೇಕು, ಯಾರು ಆರಿಸಬೇಕು ಎಂಬುದನ್ನೂ ಅಲ್ಲೇ ಬರೆದು ಅವರ ಕೈಗಿಡಿ.