ಹಿಂಬದಿ ಏರ್ ಶಾಕ್: ಮನೆಯಲ್ಲಿ ಬಿಚ್ಚುವುದೆಷ್ಟು, ಬಿಡುವುದೆಷ್ಟು

ಮೌಂಟನ್ ಬೈಕಿನ ಹಿಂಬದಿಯ ಏರ್ ಶಾಕ್‌ನಲ್ಲಿ ಎರಡು ಬೇರೆಬೇರೆ ಅಂಗಗಳಿವೆ. ಹೊರಗಿನ ಏರ್ ಕ್ಯಾನ್‌ನಲ್ಲಿ ತುಂಬಿದ ಗಾಳಿ ಸ್ಪ್ರಿಂಗ್‌ನ ಕೆಲಸ ಮಾಡುತ್ತದೆ. ಒಳಗಿನ ಡ್ಯಾಂಪರ್‌ನ ಎಣ್ಣೆ ಆ ಕುಣಿತವನ್ನು ಹಿಡಿತದಲ್ಲಿಡುತ್ತದೆ. ಮನೆಯಲ್ಲಿ ಬಿಚ್ಚಬಹುದಾದದ್ದು ಏರ್ ಕ್ಯಾನ್ ಮಾತ್ರ. ಶಾಕ್ ತಯಾರಕ ಕಂಪನಿ ರಾಕ್‌ಶಾಕ್ಸ್ ಏರ್ ಕ್ಯಾನ್‌ನ ಸೇವೆಗೆ 50 ಗಂಟೆಗಳ ಸವಾರಿಯ ಗಡುವು ಹೇಳುತ್ತದೆ. ಮಳೆಗಾಲದ ಮಲೆನಾಡಿನ ಕೆಸರಿನಲ್ಲಿ ಓಡಿದ ಬೈಕಿಗೆ ಅಷ್ಟು ದಿನ ಕಾಯುವುದು ಸರಿಯಲ್ಲ. ಸಣ್ಣ ಉಬ್ಬುತಗ್ಗಿಗೆ ಶಾಕ್ ತಟ್ಟನೆ ಸ್ಪಂದಿಸದಿದ್ದರೆ, ರಾತ್ರಿ ಕಳೆಯುವುದರೊಳಗೆ ಗಾಳಿ ಇಳಿದರೆ, ಸೀಲ್‌ಗಳು ಒಣಗಿವೆ ಅಥವಾ ಸವೆದಿವೆ ಎಂದರ್ಥ.

ಮೊದಲು ಶಾಕ್ ಪಂಪ್‌ನಿಂದ ಈಗಿನ ಒತ್ತಡವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಅಪಾಯವಿರುವುದು ಮುಂದಿನ ಹಂತದಲ್ಲಿ. ಕ್ಯಾನ್‌ನಲ್ಲಿ ಮುಖ್ಯ ಕೋಣೆಯ ಜೊತೆಗೆ ನೆಗೆಟಿವ್ ಕೋಣೆ ಎಂಬ ಚಿಕ್ಕ ಗಾಳಿಗೂಡೂ ಇರುತ್ತದೆ. ವಾಲ್ವ್ ಒತ್ತಿ ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಮುಖ್ಯ ಕೋಣೆ ಬರಿದಾದರೂ ನೆಗೆಟಿವ್ ಕೋಣೆಯಲ್ಲಿ ಒತ್ತಡ ಉಳಿಯಬಹುದು. ಆದ್ದರಿಂದ ನಿಧಾನವಾಗಿ ಬಿಡುತ್ತ, ನಡುನಡುವೆ ಸೀಟನ್ನು ಮೆಲ್ಲಗೆ ಒತ್ತಿ ಎರಡೂ ಕೋಣೆಗಳ ಒತ್ತಡ ಸಮವಾಗುವಂತೆ ಮಾಡಬೇಕು. ಗಾಳಿಯೆಲ್ಲ ಹೋದ ಮೇಲೆ ಶಾಕ್ ಒಳಕ್ಕೆ ಎಳೆದುಕೊಂಡು ಹೊರಬರದೆ ಕುಳಿತರೆ ಅದನ್ನು ಬಿಚ್ಚಲೇಬಾರದು. ಕ್ಯಾನ್ ಗುಂಡಿನಂತೆ ಚಿಮ್ಮಬಹುದು.

ಬೋಲ್ಟ್ ಕಳಚಿ ಶಾಕ್ ತೆಗೆದಾಗ ಹಿಂದಿನ ಚಕ್ರವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಬೇಕು. ಪಿವಟ್ ಬೇರಿಂಗ್ ಕರಕರ ಎನ್ನುತ್ತಿದ್ದರೆ ಶಾಕ್‌ಗೆ ಎಷ್ಟು ಸೇವೆ ಮಾಡಿದರೂ ಸವಾರಿ ಸುಧಾರಿಸದು. ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆಯಿದು.

ಕ್ಯಾನ್ ತಿರುಗಿಸುವ ಮುನ್ನ ಶಾಕ್‌ನ ತುದಿಯ ರಂಧ್ರದೊಳಗೆ ದಪ್ಪ ಬಟ್ಟೆ ತೂರಿಸುವುದು ಒಳ್ಳೆಯದು. ಒತ್ತಡ ಉಳಿದಿದ್ದರೂ ಕ್ಯಾನ್ ಹಾರಿಹೋಗದಂತೆ ಅದು ತಡೆಯುತ್ತದೆ. ಹಳೇ ಟ್ಯೂಬಿನ ತುಂಡು ಸುತ್ತಿದರೆ ಹಿಡಿತ ಸಿಗುತ್ತದೆ. ಹಳೇ ಸೀಲ್ ಎಬ್ಬಿಸಲು ಪ್ಲಾಸ್ಟಿಕ್ ಕಡ್ಡಿಯೇ ಬೇಕು, ಲೋಹದ ಮೊನೆ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್ ತಾಗಿಸಿದರೆ ರಬ್ಬರ್ ಕೆಡುತ್ತದೆ. ಕ್ಯಾನ್‌ನೊಳಗೆ ಜಾರುವ ನಯವಾದ ದಂಡದ ಮೇಲೆ ಉಗುರಿಗೆ ತಾಗುವ ಗೀರಿದ್ದರೆ ಹೊಸ ಸೀಲ್ ಹಾಕಿದರೂ ಗಾಳಿ ನಿಲ್ಲದು. ಸೀಲ್ ಕಿಟ್ ಆಯಾ ಮಾದರಿ ಮತ್ತು ವರ್ಷಕ್ಕೆ ಸರಿಯಾದದ್ದೇ ಇರಬೇಕು, ಗ್ರೀಸ್ ಸಸ್ಪೆನ್ಷನ್‌ಗೆಂದೇ ತಯಾರಾದದ್ದಾಗಿರಬೇಕು.

ಮರುಜೋಡಿಸಿದ ಮೇಲೆ ಗಾಳಿಯನ್ನು ಹಂತಹಂತವಾಗಿ ತುಂಬಿ, ಪ್ರತಿ ಹಂತದಲ್ಲೂ ಶಾಕ್ ಒತ್ತಿ ಬಿಡಬೇಕು. ನೆಗೆಟಿವ್ ಕೋಣೆ ತುಂಬುವುದು ಹೀಗೆಯೇ. ಸವಾರ ಕುಳಿತಾಗ ಶಾಕ್ ಸಾಮಾನ್ಯವಾಗಿ ತನ್ನ ಚಲನೆಯ 25ರಿಂದ 30 ಪ್ರತಿಶತ ಇಳಿದರೆ ಒತ್ತಡ ಸರಿಯಿದೆ: 60 ಮಿಲಿಮೀಟರ್ ಚಲನೆಯ ಶಾಕ್ 15ರಿಂದ 18 ಮಿಲಿಮೀಟರ್ ಇಳಿಯಬೇಕು. ಬೋಲ್ಟ್‌ಗಳನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಬೇಕು.

ಡ್ಯಾಂಪರ್‌ನ ವಿಷಯ ಬೇರೆ. ಅನೇಕ ಶಾಕ್‌ಗಳಲ್ಲಿ ಅದರೊಳಗೆ ಭಾರಿ ಒತ್ತಡದ ನೈಟ್ರೋಜನ್ ಇರುತ್ತದೆ. ಅದನ್ನು ತುಂಬಲು ಬೇಕಾದ ಸಲಕರಣೆ ಮನೆಗಳಲ್ಲಿರುವುದಿಲ್ಲ. ಒತ್ತಿದಾಗ ಪಿಚಪಿಚ ಸದ್ದು ಬಂದರೆ, ಏರ್ ಕ್ಯಾನ್‌ನೊಳಗೆ ಹೆಚ್ಚು ಎಣ್ಣೆ ಕಂಡರೆ, ಶಾಕನ್ನು ಹಾಗೆಯೇ ಸಸ್ಪೆನ್ಷನ್ ವರ್ಕ್‌ಶಾಪಿಗೆ ಕಳಿಸಿ.