ಬಂಗುಡೆ ಲೆಕ್ಕದಿಂದ ಬ್ಯಾಬಿಲೋನಿನವರೆಗೆ

ಎಂಟನೇ ತರಗತಿಯಲ್ಲಿ ಮೆಸಪೊಟೇಮಿಯಾ, ಈಜಿಪ್ಟ್ ಪಾಠ ಬಂತೆಂದರೆ ಮಕ್ಕಳಿಂದ ಥರ್ಮಾಕೋಲ್ ಪಿರಮಿಡ್ ಮಾಡಿಸುವುದು ರೂಢಿ. ಅದನ್ನು ಬಿಡಿ, ಹೆಚ್ಚಿನ ಕೆಲಸ ಅಪ್ಪ-ಅಮ್ಮನ ಪಾಲಿಗೇ ಬೀಳುತ್ತದೆ. ಮಂಗಳೂರಿನ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಊರಲ್ಲೇ ಇದೆ.

ಮೊದಲು ಮಣ್ಣು. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನದಿತೀರದ ಜೇಡಿಮಣ್ಣನ್ನು ನಂಬಿ. ಮೆಸಪೊಟೇಮಿಯಾದ ಸುಮೇರಿಯನ್ನರು ಬರೆದದ್ದೂ ಜೇಡಿಮಣ್ಣಿನ ಮೇಲೆಯೇ. ಕುಂಬಾರರಲ್ಲಿ ಹದ ಮಾಡಿದ ಮಣ್ಣು ಕೇಳಿ ತನ್ನಿ, ಪ್ರತಿ ಮಗುವೂ ಅಂಗೈಯಗಲದ ಹಲಗೆ ತಟ್ಟಲಿ. ಚೌಕ ಕಡ್ಡಿಯ ಮೂಲೆ ಒತ್ತಿದರೆ ಬೆಣೆಯ ಗುರುತು ಮೂಡುತ್ತದೆ. ನೆಟ್ಟಗಿನದು ಒಂದು, ಓರೆಯದು ಹತ್ತು. ಧಕ್ಕೆಯಲ್ಲಿ ಇಳಿದ 23 ಬುಟ್ಟಿ ಬಂಗುಡೆಗೆ ಎರಡು ಓರೆ, ಮೂರು ನೆಟ್ಟಗೆ. ಅರುವತ್ತು ಮುಟ್ಟಿದಾಗ ಮತ್ತೆ ಒಂದೇ ನೆಟ್ಟಗಿನ ಬೆಣೆ! ಗಂಟೆಗೆ 60 ನಿಮಿಷ ಯಾಕೆ ಎಂಬ ಪ್ರಶ್ನೆ ಇಲ್ಲಿ ಏಳಬೇಕು. ಉತ್ತರವನ್ನು ತಕ್ಷಣ ಹೇಳಿಬಿಡಬೇಡಿ, ಮಕ್ಕಳು ಯೋಚಿಸಲಿ.

ಆಮೇಲೆ ನೆರೆ. ನೈಲ್ ಉಕ್ಕುತ್ತಿದ್ದದ್ದು ಇಥಿಯೋಪಿಯಾದ ಬೆಟ್ಟಗಳ ಮಳೆಗಾಲದಿಂದ, ಹೆಚ್ಚುಕಡಿಮೆ ನಮ್ಮ ನೇತ್ರಾವತಿ ತುಂಬುವ ತಿಂಗಳುಗಳಲ್ಲೇ. ಈಜಿಪ್ಟಿನ ಅಧಿಕಾರಿಗಳು ನೀರಿನ ಮಟ್ಟ ಅಳೆದು ಆ ವರ್ಷದ ಬೆಳೆ, ತೆರಿಗೆಗಳನ್ನು ಅಂದಾಜು ಮಾಡುತ್ತಿದ್ದರು. ಹಾಗೆಯೇ, ನೇತ್ರಾವತಿಯ 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಮಕ್ಕಳು ಅಜ್ಜ-ಅಜ್ಜಿಯರಲ್ಲಿ ಕೇಳಿ ಬರಲಿ.

ಕೊನೆಯದು ನಾಟಕ, ನನಗೆ ಅತ್ಯಂತ ಇಷ್ಟದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೇ ಶತಮಾನದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯೋನ್ ಎಂಬ ಯುವತಿಯನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ರಾಜ ಮತ್ತು ಅವನವರು ಆಡುವ ಗ್ರೀಕೇತರ ಮಾತು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ವಾದಿಸಿದರು. ಮಂಜೇಶ್ವರ ಗೋವಿಂದ ಪೈಗಳೂ ಈ ಬಗ್ಗೆ ಬರೆದರು. ವಿದ್ವಾಂಸ ಬಾರ್ನೆಟ್ 1926ರಲ್ಲಿ ಹುಲ್ಟ್ಶ್ ವಾದವನ್ನು ಒಪ್ಪಲಿಲ್ಲ. ಮಕ್ಕಳು ಮೊದಲು ಪ್ರಹಸನ ಆಡಲಿ. ಮರುದಿನ ಮೂರು ಗುಂಪಾಗಿ ವಾದಿಸಲಿ: ಅದು ಕನ್ನಡವೇ, ತುಳುವೇ, ಬರಿಯ ನಗೆಸದ್ದೇ? ತುಳು ಮನೆಮಾತಿನ ಮಕ್ಕಳು ಅಂದು ಸುಮ್ಮನೆ ಕೂರಲಾರರು.

ಅಂಕ ಕೊಡುವಾಗ ಗೆದ್ದ ಗುಂಪು ಯಾವುದೆಂದು ನೋಡಬೇಡಿ. ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿ, ಆಧಾರ ತೋರಿಸಿದವರಿಗೆ ಕೊಡಿ.